ಊರಲ್ಲಿ ಉಳಿಯುವ ಮುಂಚೆ ಪಹಣಿ ನೋಡಿ

ಶಿರಸಿ, ಸಿದ್ದಾಪುರ, ಸಾಗರದ ಅಡಿಕೆ ಮನೆಗಳ ಹುಡುಗ ಹುಡುಗಿಯರು ಸಲಹೆಗೆ ಬಂದರೆ ಪ್ರಶ್ನೆ ಒಂದೇ: ತೋಟ ನೋಡಿಕೊಂಡಿರಲಾ, ಬೆಂಗಳೂರಿಗೆ ಹೋಗಲಾ? ಮಾತು ಮುಂದುವರಿದಂತೆ ಗಂಟು ಬೇರೆ ಕಡೆ ಸಿಗುತ್ತದೆ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಅಪ್ಪ ಚಿಕ್ಕಪ್ಪಂದಿರ ನಡುವೆ ಹಿಸ್ಸೆಯಾಗಿಲ್ಲ. ಮಗನ ಕೈಯಲ್ಲಿರುವುದು "ಎಲ್ಲಾ ನಿಂಗೇ ಅಲ್ದನಾ ತಮಾ" ಎಂಬ ಮಾತು ಮಾತ್ರ. ಅದನ್ನೇ ನಂಬಿ ಉಳಿದವರು ನಲವತ್ತಾದರೂ ಸೊಸೈಟಿ ಸಾಲಕ್ಕೆ ಅಪ್ಪನ ಸಹಿ ಕಾಯುತ್ತಾರೆ.

ಅಜ್ಜ ತೀರಿಕೊಂಡಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಸರ್ವೆ ನಂಬರ್ ಒಡೆದು ಪಾಲು ಮಾಡುವುದಾದರೆ 11ಇ ನಕ್ಷೆ (ಪಾಲಾಗುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ವಿಭಾಗ ಪತ್ರ ನೋಂದಾಯಿಸಿ. ಹೆಣ್ಣುಮಕ್ಕಳನ್ನು ಬಿಟ್ಟು ಲೆಕ್ಕ ಹಾಕಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಷ್ಟೋ ಮನೆಗಳಲ್ಲಿ ತೋಟದ ಮೇಲೆ ಮನಸ್ಸಿರುವವಳು ಮಗಳೇ. ಅವಳನ್ನು ಯಾರೂ ಕೇಳಿರುವುದೇ ಇಲ್ಲ.

ಇನ್ನು ಕಾಲ. ತುಂಬ ಜನ ಏಪ್ರಿಲ್–ಮೇನಲ್ಲಿ ರಜೆಗೆ ಬಂದು ತೀರ್ಮಾನ ಮಾಡುತ್ತಾರೆ. ಆಗ ಅಡಿಕೆ ಮಾರಿದ ದುಡ್ಡು ಕೈಯಲ್ಲಿರುತ್ತದೆ, ಮಾವು ಹಲಸು, ಮದುವೆ ಮುಂಜಿ, ಮನೆ ತುಂಬ ನೆಂಟರು. ತೋಟ ಗೊತ್ತಾಗುವುದು ಮಳೆಗಾಲದಲ್ಲಿ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಹೊಡೆಯಬೇಕು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 40–45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು, ಅದೂ ಮಳೆ ಬಿಡುವು ಕೊಟ್ಟ ದಿನವೇ ಮರ ಹತ್ತುವವರು ಸಿಕ್ಕರೆ. ಎರಡನೇ ಮದ್ದು ತಪ್ಪಿದ ವರ್ಷ ಎಳೆಕಾಯಿ ಬಣ್ಣಗೆಟ್ಟು, ಬಿಳಿ ಬೂಸು ಹಿಡಿದು ಬುಡದಲ್ಲಿ ಉದುರಿರುತ್ತವೆ. ಜೂನ್‌ನಿಂದ ಅಡಿಕೆ ಸುಲಿದು ಮಾರುವವರೆಗೆ ಒಂದು ಸುತ್ತು ಪೂರ್ತಿ ನಿಂತು, ಕೂಲಿ, ಗೊಬ್ಬರ, ಮದ್ದಿನ ಖರ್ಚನ್ನು ಸ್ವಂತ ಕೈಯಲ್ಲಿ ಬರೆದಿಡಿ. ಆಮೇಲೆ ಇರುವುದೋ ಹೋಗುವುದೋ ಹೇಳಿ. ಹೊಸದಾಗಿ ಗಿಡ ನೆಟ್ಟರೆ ಫಸಲಿಗೆ 5–7 ವರ್ಷ ಬೇಕು. ಅಷ್ಟು ದಿನ ಊಟಕ್ಕೇನು ಎಂಬುದೂ ಆ ಪುಸ್ತಕದಲ್ಲೇ ಇರಲಿ.

ಹೋಗುವವರು ತಪ್ಪಿತಸ್ಥರಲ್ಲ. ಆದರೆ "ಚೇಣಿಗೆ, ಅಂದರೆ ಫಸಲು ಗುತ್ತಿಗೆಗೆ, ಕೊಟ್ಟರಾಯಿತು" ಎಂದು ಹೊರಡಬೇಡಿ. ಚೇಣಿಯವರು ಫಸಲು ಕೊಯ್ದುಕೊಂಡು ಹೋಗುತ್ತಾರೆ, ಬುಡಕ್ಕೆ ಗೊಬ್ಬರ ಹಾಕಿಸುವುದು, ಬಸಿಗಾಲುವೆ ಬಿಡಿಸುವುದು ಅಪ್ಪನ ತಲೆಯ ಮೇಲೇ ಉಳಿಯುತ್ತದೆ. ಅಪ್ಪನಿಗೆ ಎಪ್ಪತ್ತಾದಾಗ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನನ್ನು ಕರೆಯುವವರು ಯಾರು, ಅಮ್ಮನನ್ನು ಆಸ್ಪತ್ರೆಗೆ ಒಯ್ಯುವವರು ಯಾರು, ಖರ್ಚು ಯಾರದ್ದು ಎಂದು ಅಕ್ಕ ತಂಗಿ ಅಣ್ಣ ತಮ್ಮಂದಿರೆಲ್ಲ ಕೂತು ಹೊರಡುವ ಮುಂಚೆಯೇ ಬರೆದಿಡಿ. ಫೋನಿನಲ್ಲಿ ಬಗೆಹರಿಯುವ ಮಾತಲ್ಲ ಅದು.