ಡುಶೇನ್ ಸ್ನಾಯುಕ್ಷಯ: ಯಾವ ಸ್ನಾಯು ಯಾವಾಗ ಸೋಲುತ್ತದೆ

ಡುಶೇನ್ ಸ್ನಾಯುಕ್ಷಯವೆಂಬ ಆನುವಂಶಿಕ ಕಾಯಿಲೆಯ ಹಂತಗಳನ್ನು ವಯಸ್ಸಿನ ಪಟ್ಟಿಯಾಗಿ ಬಾಯಿಪಾಠ ಮಾಡುವುದಕ್ಕಿಂತ, ಸ್ನಾಯುಗಳು ಸೋಲುವ ಸರದಿಯನ್ನು ಹಿಡಿದುಕೊಳ್ಳಿ.

ದೋಷವಿರುವುದು ಎಕ್ಸ್ ವರ್ಣತಂತುವಿನ ಒಂದು ವಂಶವಾಹಿಯಲ್ಲಿ. ಗಂಡುಮಕ್ಕಳಲ್ಲಿ ಈ ವರ್ಣತಂತು ಒಂದೇ ಇರುವುದರಿಂದ ರೋಗಿಗಳು ಬಹುಪಾಲು ಅವರೇ. ಆ ವಂಶವಾಹಿಯಿಂದ ತಯಾರಾಗುವ, 1987ರಲ್ಲಿ ಗುರುತಿಸಲಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಸ್ನಾಯುತಂತುವಿನ ಪೊರೆಗೆ ಆಸರೆ. ಅದಿಲ್ಲದಿದ್ದರೆ ಸ್ನಾಯು ಸಂಕುಚಿಸಿದಾಗಲೆಲ್ಲ ಪೊರೆಗೆ ಪೆಟ್ಟಾಗಿ, ಕ್ಯಾಲ್ಸಿಯಂ ಒಳನುಗ್ಗಿ ತಂತು ಸಾಯುತ್ತದೆ. ಮೊದಮೊದಲು ಹೊಸ ತಂತು ಹುಟ್ಟುತ್ತದೆ. ಆ ಶಕ್ತಿ ಬತ್ತಿದ ಮೇಲೆ ಆ ಜಾಗವನ್ನು ಕೊಬ್ಬು, ನಾರು ತುಂಬುತ್ತವೆ. ಮನೆತನದಲ್ಲಿ ಯಾರಿಗೂ ಇರಲಿಲ್ಲವೆಂದು ರೋಗವನ್ನು ತಳ್ಳಿಹಾಕಬೇಡಿ: ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತದೆ.

ಮೊದಲು ಸೋಲುವುದು ಸೊಂಟ, ತೊಡೆ. ಎರಡರಿಂದ ಐದು ವರ್ಷದೊಳಗೆ ಮಗು ಪದೇ ಪದೇ ಬೀಳುತ್ತದೆ, ಮೆಟ್ಟಿಲು ಹತ್ತಲು ತಿಣುಕುತ್ತದೆ. ನೆಲದಿಂದ ಏಳುವುದನ್ನು ಗಮನಿಸಿ: ಬೋರಲಾಗಿ ತಿರುಗಿ, ಎರಡೂ ಕೈ ನೆಲಕ್ಕೂರಿ, ಆಮೇಲೆ ಮೊಣಕಾಲು, ತೊಡೆಯ ಮೇಲೆ ಒಂದೊಂದಾಗಿ ಕೈಯಿಟ್ಟು ನೆಟ್ಟಗಾಗುತ್ತದೆ. ಇದೇ ಗವರ್ಸ್ ಚಿಹ್ನೆ. ಮೀನಖಂಡ ದಪ್ಪಗಿರುವುದನ್ನು ಕಂಡು ಮನೆಯವರು ಕಾಲು ಗಟ್ಟಿಯಿದೆ ಎಂದುಕೊಳ್ಳುವುದುಂಟು. ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳು ರಕ್ತದಲ್ಲಿ ಏರಿದ್ದನ್ನು ನೋಡಿ ಯಕೃತ್ತಿನ ಬೆನ್ನು ಹತ್ತುವ ಮುನ್ನ ಸ್ನಾಯುವಿನ ಹಾನಿ ತೋರಿಸುವ ಸಿಕೆ (ಕ್ರಿಯಾಟಿನ್ ಕೈನೇಸ್) ರಕ್ತಪರೀಕ್ಷೆ ಮಾಡಿಸಬೇಕು. ಆ ಕಿಣ್ವಗಳು ಸ್ನಾಯುವಿನಿಂದಲೂ ಸೋರುತ್ತವೆ.

ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ಹನ್ನೆರಡರ ಸುಮಾರಿಗೆ ನಡಿಗೆ ನಿಲ್ಲುತ್ತದೆ. ಸ್ಟೀರಾಯ್ಡ್ ಇದನ್ನು ಕೆಲವು ವರ್ಷ ಮುಂದೂಡುತ್ತದೆ. ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಗಾಲಿಕುರ್ಚಿ ಬಂದ ಮೇಲೆ ಬೆನ್ನುಹುರಿಯ ಸುತ್ತಲಿನ ಮೂಳೆಗಂಬ ಬಾಗತೊಡಗುತ್ತದೆ, ತೋಳೆತ್ತುವುದು ಕಷ್ಟವಾಗುತ್ತದೆ. ಬೆರಳುಗಳ ಶಕ್ತಿ ಮಾತ್ರ ಬಹುಕಾಲ ಉಳಿಯುವುದರಿಂದ ಬರವಣಿಗೆ, ಕಂಪ್ಯೂಟರ್ ಕೆಲಸ ಮುಂದುವರಿಸಬಹುದು. ಶಾಲೆ ಬಿಡಿಸಲು ಗಾಲಿಕುರ್ಚಿ ಒಂದು ಕಾರಣವೇ ಅಲ್ಲ.

ಹದಿಹರೆಯದಲ್ಲಿ ಉಸಿರಿನ ಸರದಿ. ತೊಂದರೆ ಮೊದಲು ಕಾಣುವುದು ನಿದ್ದೆಯಲ್ಲಿ: ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಆಗ ಬೇಕಿರುವುದು ರಾತ್ರಿ ಮುಖವಾಡದ ಮೂಲಕ ಉಸಿರಿಗೆ ನೆರವಾಗುವ ಯಂತ್ರ. ಬರೀ ಆಮ್ಲಜನಕ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಸದ್ದಿಲ್ಲದೆ ಏರಬಹುದು.

ಹೃದಯವೇ ಎಲ್ಲರೂ ಎಡವುವ ಜಾಗ. ಹುಡುಗ ಓಡುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಹೃದಯ ಸೋಲುತ್ತಿದ್ದರೂ ಏದುಸಿರು ಕಾಣಿಸುವುದಿಲ್ಲ. ಲಕ್ಷಣಕ್ಕೆ ಕಾಯದೆ ರೋಗ ಪತ್ತೆಯಾದಾಗಿನಿಂದಲೇ ವರ್ಷಕ್ಕೊಮ್ಮೆ ಹೃದಯ ಪರೀಕ್ಷೆ ಆಗಬೇಕು, ಹತ್ತರ ಸುಮಾರಿಗೆ ರಕ್ಷಕ ಔಷಧ ಶುರುವಾಗಬೇಕು. ಹಿಂದೆ ಇಪ್ಪತ್ತರ ಆಸುಪಾಸಿನಲ್ಲೇ ಮುಗಿಯುತ್ತಿದ್ದ ಬದುಕು ಈಗ ಉಸಿರಾಟದ ಯಂತ್ರ, ಹೃದಯದ ಔಷಧಗಳಿಂದ ಎಷ್ಟೋ ಜನರಲ್ಲಿ ಮೂವತ್ತು ದಾಟುತ್ತಿದೆ.

ತಾಯಿ ವಾಹಕಳಾಗಿದ್ದರೆ, ಅಂದರೆ ಈ ದೋಷ ಅವಳಲ್ಲೂ ಇದ್ದರೆ, ಅವಳ ಹೃದಯವೂ ದುರ್ಬಲವಾಗಬಹುದು. ಮಗನನ್ನು ಎತ್ತಿ ಇಳಿಸುವ ಆಕೆಗೂ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ಬರೆದುಕೊಡಿ.