ಗಾಜಿಗೆ ಅಂಟಿಸಿದ ಟೈಲ್ಸ್ ಚೂರು ಯಾಕೆ ಉದುರುತ್ತದೆ?

ಪ್ರಶ್ನೆ: ಹಳೇ ಫೋಟೋ ಫ್ರೇಮಿನ ಗಾಜಿನ ಮೇಲೆ ಬಣ್ಣದ ಗಾಜಿನ ಟೈಲ್ಸ್ ಚೂರು ಅಂಟಿಸಿ, ಚರ್ಚಿನ ಕಿಟಕಿ ಥರ ಮಾಡಲು ಹೊರಟೆ. ಎರಡು ದಿನ ಗಟ್ಟಿಯಾಗಿದ್ದ ಚೂರುಗಳು ಗ್ರೌಟ್ (ಸಂದಿ ತುಂಬುವ ಸಿಮೆಂಟಿನ ಹಿಟ್ಟು) ಹಾಕಿ ಒರೆಸುವಾಗ ಕೈಗೇ ಬಂದವು. ಎಲ್ಲಿ ತಪ್ಪಿದೆ?

ಉತ್ತರ: ಮರಕ್ಕೆ ಹಾಕುವ ಬಿಳಿ ಅಂಟು ಬಳಸಿದ್ದೀರಿ, ಅಲ್ವಾ? ನನ್ನ ಮೊದಲ ಫ್ರೇಮಿನ ಕಥೆಯೂ ಅದೇ.

ಒಳಗಿನ ನೀರು ಹೊರಗೆ ಹೋದರೆ ಮಾತ್ರ ಆ ಅಂಟು ಒಣಗುತ್ತದೆ. ಮರ ನೀರು ಹೀರಿಕೊಳ್ಳುತ್ತದೆ, ಗಾಜು ಹೀರುವುದಿಲ್ಲ. ಕೆಳಗೂ ಗಾಜು, ಮೇಲೂ ಗಾಜು. ನಡುವಿನ ನೀರು ಎಲ್ಲಿಗೆ ಹೋಗಬೇಕು? ಅಂಚು ಒಣಗಿ ಎಲ್ಲಾ ಗಟ್ಟಿಯಾದ ಹಾಗೆ ಕಾಣುತ್ತದೆ ಅಷ್ಟೇ. ಫ್ರೇಮು ತಿರುಗಿಸಿ ಹಿಂದಿನಿಂದ ನೋಡಿ. ಚೂರಿನ ನಡುವೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ ಕಂಡರೆ ಅದು ಇನ್ನೂ ಹಸಿ ಅಂಟು. ಮೇಲೆ ಒದ್ದೆ ಗ್ರೌಟ್ ಬಿದ್ದರೆ ಒಣಗಿದ ಅಂಚೂ ಮೆತ್ತಗಾಗುತ್ತದೆ.

ಗಾಜಿಗೆ ಬೇಕಾದದ್ದು ಬಣ್ಣವಿಲ್ಲದ ಸಿಲಿಕೋನ್ ಸೀಲೆಂಟ್. ಅಕ್ವೇರಿಯಂಗೆ ಹಾಕುತ್ತಾರಲ್ಲ, ವಿನೆಗರ್ ವಾಸನೆಯದು, ಅದೇ. ಮೊದಲು ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ಬೆರಳಿನ ಜಿಡ್ಡು ಉಳಿಯಬಾರದು. ಸಣ್ಣ ಚೂರಿಗೆ ತೊಗರಿಕಾಳಿನಷ್ಟು ಸಾಕು. ಜಾಸ್ತಿ ಹಾಕಿದರೆ ಸಂದಿಯಲ್ಲಿ ಉಕ್ಕಿ ಬರುತ್ತದೆ, ಅಲ್ಲಿ ಗ್ರೌಟ್ ಹಿಡಿಯುವುದಿಲ್ಲ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ದೊಡ್ಡ ಚೂರಿನಡಿ ಅದಕ್ಕೂ ನಿಧಾನ, ಎರಡು ಮೂರು ದಿನ ಮುಟ್ಟಲೇಬೇಡಿ.

ನೀವು ಕೇಳದಿದ್ದರೂ ಒಂದು ಮಾತು. ಕಿಟಕಿಯಲ್ಲಿ ತೂಗುಹಾಕುವುದಾದರೆ ಅಂಟಿಸುವ ಮೊದಲು ಪ್ರತಿ ಚೂರನ್ನೂ ಬೆಳಕಿಗೆ ಹಿಡಿಯಿರಿ. ಸೆರಾಮಿಕ್ ಟೈಲ್ಸ್ ಎಷ್ಟೇ ಚೆಂದವಿದ್ದರೂ ಹಿಂದಿನಿಂದ ಬೆಳಕು ಬಿದ್ದರೆ ಬರೀ ಕಪ್ಪು. ಅದು ಗೋಡೆಗೇ ಸರಿ. ಗಾಜಿನ ಟೈಲ್ಸ್‌ನಲ್ಲೂ ಕೆಲವಕ್ಕೆ ಹಿಂಭಾಗ ಬಣ್ಣ ಬಳಿದಿರುತ್ತಾರೆ. ಒಡೆದ ಗಾಜಿನ ಬಳೆ ಮಾತ್ರ ನನಗೆ ಬಲು ಇಷ್ಟ. ಆ ಬಾಗಿದ ಹಸಿರು ತುಂಡುಗಳನ್ನು ಬಳ್ಳಿ ಮಾಡಲು ಕತ್ತರಿಸುವುದೇ ಬೇಡ.

ಗ್ರೌಟ್ ಕಪ್ಪಗೇ ಇರಲಿ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಬಣ್ಣದ ಕಿಟಕಿಗಳನ್ನು ನೋಡಿದ್ದೀರಲ್ಲ? ಅಂಥ ಕೆಲಸದಲ್ಲಿ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳು ಹಿಡಿದಿರುತ್ತವೆ. ಬೆಳಕಿನಲ್ಲಿ ಕಪ್ಪು ಗೆರೆಯಾಗಿ ಕಾಣುವುದು ಅವೇ. ಬಿಳಿ ಗ್ರೌಟ್ ಹಾಕಿದರೆ ಬಚ್ಚಲುಮನೆ ಗೋಡೆ ಆಗಿಬಿಡುತ್ತದೆ! ಸಂದಿ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಮರಳಿಲ್ಲದ ಗ್ರೌಟ್ ಕೇಳಿ, ಮರಳು ಗಾಜನ್ನು ಗೀರುತ್ತದೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ. ಹಚ್ಚಿ ಇಪ್ಪತ್ತು ನಿಮಿಷದ ಮೇಲೆ ಹಿಂಡಿದ ಸ್ಪಂಜಿನಿಂದ ಒರೆಸಿ. ಆ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಪೈಪಿನಲ್ಲೇ ಕಲ್ಲಾಗುತ್ತದೆ.

ಹಳೇ ಫ್ರೇಮಿನಲ್ಲಿ ಗಾಜನ್ನು ಹಿಡಿದಿರುವುದು ನಾಲ್ಕು ತುಕ್ಕು ಹಿಡಿದ ಮೊಳೆ. ಟೈಲ್ಸ್ ಭಾರ ಅದಕ್ಕೆ ಆಗದು. ಹಿಂದೆ ಸುತ್ತಲೂ ಸಿಲಿಕೋನ್ ಎಳೆಯಿರಿ, ಎರಡು ಕೊಕ್ಕೆ ಹಾಕಿ ತೂಗುಹಾಕಿ.

ಉದುರಿದ ಚೂರು ಎಸೆಯಬೇಡಿ. ಗಾಜನ್ನು ಫ್ರೇಮಿನಿಂದ ಬಿಡಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬಿಳಿ ಅಂಟು ಉಬ್ಬಿ ಹಾಲಿನ ಕೆನೆಯಂತೆ ಬಿಟ್ಟುಕೊಳ್ಳುತ್ತದೆ. ಚೂರಿನ ಅಂಚಿಗೆ ಹತ್ತಿದ ಗ್ರೌಟನ್ನು ಹಳೇ ಚಾಕುವಿನಿಂದ ಕೆರೆದರೆ ಆಯಿತು.