ಚಕ್ರಕ್ಕಿಂತ ಮೊದಲು ಪೈಪು: ಹಳ್ಳದ ನೀರಿನಿಂದ ಮನೆಗೆ ವಿದ್ಯುತ್

ಪಶ್ಚಿಮಘಟ್ಟದ ಇಳಿಜಾರಿನ ಒಂಟಿಮನೆಗಳಿಗೆ ಮಳೆಗಾಲವೆಂದರೆ ಕರೆಂಟು ಕೈಕೊಡುವ ಕಾಲ. ಗಾಳಿಮಳೆಗೆ ಮರ ಉರುಳಿ ತಂತಿ ಹರಿದರೆ ಲೈನು ಸರಿಹೋಗಲು ದಿನಗಟ್ಟಲೆ ಹಿಡಿಯುತ್ತದೆ. ಮೋಡ ಕವಿದ ಆ ದಿನಗಳಲ್ಲಿ ಸೋಲಾರ್ ಫಲಕವೂ ಹೆಚ್ಚು ನೆರವಾಗುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಮನೆಯ ಹಿಂದಿನ ಗುಡ್ಡದಿಂದ ಹಳ್ಳ ತುಂಬಿ ಇಳಿಯುತ್ತಿರುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಧುಮುಕಿಸಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟ ತತ್ವವನ್ನೇ ಒಂದು ಮನೆಯ ಅಳತೆಗೆ ಇಳಿಸಿದರೆ, ಈ ಹಳ್ಳದಿಂದಲೂ ವಿದ್ಯುತ್ ಪಡೆಯಬಹುದು. ಐದು ಕಿಲೋವ್ಯಾಟ್‌ಗಿಂತ ಚಿಕ್ಕದಾದ ಇಂಥ ಘಟಕಗಳನ್ನು ಪೈಕೋ ಹೈಡ್ರೋ ಎನ್ನುತ್ತಾರೆ. ದಕ್ಷಿಣ ಕನ್ನಡ, ಕೊಡಗು, ಚಿಕ್ಕಮಗಳೂರಿನ ಗುಡ್ಡದಂಚಿನ ಎಷ್ಟೋ ಮನೆಗಳು ಇವನ್ನು ನೆಚ್ಚಿಕೊಂಡಿವೆ.

ನೀರಿನ ಚಕ್ರವೆಂದೊಡನೆ ಮರದ ಹಲಗೆಗಳ ದೊಡ್ಡ ಗಾಲಿ ಕಣ್ಣಮುಂದೆ ಬರುತ್ತದೆ. ನೋಡಲು ಅದು ಚೆಂದ, ಧಾನ್ಯ ಬೀಸಲು ಉತ್ತಮ. ವಿದ್ಯುತ್ತಿಗೆ ಮಾತ್ರ ತೊಡಕಿನದು. ಎರಡು ಮೀಟರ್ ವ್ಯಾಸದ ಗಾಲಿ ನಿಮಿಷಕ್ಕೆ ಹನ್ನೆರಡು ಸುತ್ತಿನ ಆಸುಪಾಸಿನಲ್ಲಿ ತಿರುಗಿದರೆ, ಸಾಮಾನ್ಯ ಜನರೇಟರು ಬೇಡುವುದು 1,500 ಸುತ್ತು. ವೇಗವನ್ನು ಸುಮಾರು ನೂರಿಪ್ಪತ್ತೈದು ಪಟ್ಟು ಏರಿಸುವ ಬೆಲ್ಟು, ಗೇರುಗಳಲ್ಲಿಯೇ ಶಕ್ತಿಯ ಒಂದು ಪಾಲು ಕರಗಿಹೋಗುತ್ತದೆ. ಅಲ್ಲದೆ ಎರಡು ಮೀಟರ್ ಬೀಳುವಿನಿಂದ 750 ವ್ಯಾಟ್ ಪಡೆಯಬೇಕಾದರೆ ಸೆಕೆಂಡಿಗೆ 75 ಲೀಟರ್ ನೀರು ಹರಿಯಬೇಕು. ಮಲೆನಾಡಿನ ಹಳ್ಳಗಳ ಸ್ವಭಾವ ಇದಕ್ಕೆ ವಿರುದ್ಧ: ನೀರು ಕಡಿಮೆ, ಇಳಿಜಾರು ಕಡಿದು. ಹಾಗಾಗಿ ಇಲ್ಲಿಗೆ ಒಪ್ಪುವುದು 1880ರಲ್ಲಿ ಅಮೆರಿಕದ ಲೆಸ್ಟರ್ ಪೆಲ್ಟನ್ ಪೇಟೆಂಟ್ ಪಡೆದ, ಬಟ್ಟಲುಗಳ ಸಾಲುಳ್ಳ ಸಣ್ಣ ಚಕ್ರ.

ಆದರೆ ಚಕ್ರ ಮಾಡುವ ಉತ್ಸಾಹದಲ್ಲಿ ಅಳತೆಯನ್ನು ಮರೆಯುವವರೇ ಹೆಚ್ಚು. ಎಷ್ಟು ವಿದ್ಯುತ್ ಸಿಗಬಲ್ಲದು ಎಂಬುದು ಎರಡೇ ಸಂಗತಿಗಳ ಮೇಲೆ ನಿಂತಿದೆ: ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ. ಎತ್ತರ ಅಳೆಯಲು ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪೇ ಸಾಕು. ಒಂದೊಂದೇ ಹಂತವನ್ನು ಅಳೆಯುತ್ತಾ ಗುಡ್ಡ ಇಳಿದರೆ ಲೆಕ್ಕ ಕೂಡಿಬರುತ್ತದೆ. ನೀರಿನ ಅಳತೆಗೆ ಹಳ್ಳಕ್ಕೊಂದು ಕಟ್ಟ ಹಾಕಿ, ಅಡಿಕೆ ದಂಬೆಯ ಮೂಲಕ ನೀರನ್ನು ಬಕೆಟಿಗೆ ಬಿಡಬೇಕು. ಇಪ್ಪತ್ತು ಲೀಟರಿನ ಬಕೆಟ್ ನಾಲ್ಕು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಐದು ಲೀಟರ್ ಎಂದಾಯಿತು. ಇದನ್ನು ಜುಲೈನಲ್ಲಿ ಅಳೆದು ಹಿಗ್ಗಬಾರದು, ಡಿಸೆಂಬರಿನಲ್ಲಿಯೂ ಫೆಬ್ರವರಿಯಲ್ಲಿಯೂ ಮತ್ತೆ ಅಳೆಯಬೇಕು. ಲೀಟರನ್ನು ಮೀಟರಿನಿಂದ ಗುಣಿಸಿ, ಬಂದದ್ದನ್ನು ಐದರಿಂದ ಗುಣಿಸಿದರೆ, ಎಲ್ಲ ಸೋರಿಕೆ ಕಳೆದು ಕೈಗೆ ದಕ್ಕುವ ವ್ಯಾಟ್ ಸುಮಾರಾಗಿ ಸಿಗುತ್ತದೆ. ಐದು ಲೀಟರ್, ಮೂವತ್ತು ಮೀಟರ್ ಎಂದರೆ 750 ವ್ಯಾಟ್. ಅಂಕಿ ಚಿಕ್ಕದೆನಿಸಬಹುದು, ಆದರೆ ಹಗಲುರಾತ್ರಿ ಹರಿಯುವ ನೀರಿನಿಂದ ಅದು ದಿನಕ್ಕೆ 18 ಯೂನಿಟ್ ಆಗುತ್ತದೆ. ಒಂದು ರೈತಕುಟುಂಬದ ಖರ್ಚಿಗೆ ಅದು ಧಾರಾಳ.

ಈ ಲೆಕ್ಕವನ್ನು ಕೆಡಿಸುವುದು ಸಾಮಾನ್ಯವಾಗಿ ಪೈಪು. ಹಳ್ಳದ ನೀರನ್ನು ತುಂಬಿಸಿಕೊಳ್ಳುವ ಮೇಲಿನ ತೊಟ್ಟಿಯಿಂದ ಚಕ್ರದವರೆಗೆ 150 ಮೀಟರ್ ದೂರವಿದೆ ಎಂದುಕೊಳ್ಳೋಣ. ಹಣ ಉಳಿಸಲೆಂದು ಎರಡು ಇಂಚಿನ ಪಿವಿಸಿ ಪೈಪು ಹಾಕಿದರೆ, ಸೆಕೆಂಡಿಗೆ ಐದು ಲೀಟರ್ ಹರಿಯುವಾಗ ಒಳಗಿನ ಉಜ್ಜುವಿಕೆಗೇ ಸುಮಾರು ಇಪ್ಪತ್ತು ಮೀಟರ್ ಎತ್ತರ ನಷ್ಟವಾಗಿ, ಮೂವತ್ತು ಮೀಟರ್ ಬೀಳುವು ಹತ್ತಕ್ಕೆ ಕುಗ್ಗುತ್ತದೆ. ಅಲ್ಲಿಯೇ ಮೂರು ಇಂಚಿನ ಪೈಪು ಹಾಕಿದರೆ ನಷ್ಟ ಮೂರು ಮೀಟರಿಗಿಂತ ಕಡಿಮೆ. ವ್ಯಾಸ ಒಂದೂವರೆ ಪಟ್ಟಾದರೆ ಉಜ್ಜುವಿಕೆಯ ನಷ್ಟ ಏಳೂವರೆ ಪಟ್ಟು ಇಳಿಯುತ್ತದೆ. ಆದ್ದರಿಂದ ಈ ಇಡೀ ಕೆಲಸದಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕಾದ ಒಂದೇ ಒಂದು ಸಾಮಾನು ಪೈಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ತೊಟ್ಟಿಯ ಬಾಯಿಗೆ ಓರೆಯಾಗಿ ಜಾಲರಿ ಕೂರಿಸದಿದ್ದರೆ ತರಗೆಲೆ ಬಂದು ನಾಝಲ್, ಎಂದರೆ ಚಕ್ರಕ್ಕೆ ನೀರು ಚಿಮ್ಮಿಸುವ ಪೈಪಿನ ಕಿರಿದಾದ ಮೂತಿ, ಕಟ್ಟಿಕೊಳ್ಳುತ್ತದೆ. ಕೆಳಗಿನ ಗೇಟ್ ವಾಲ್ವನ್ನು ಯಾವಾಗಲೂ ನಿಧಾನವಾಗಿಯೇ ತಿರುಗಿಸಬೇಕು. ಓಡುತ್ತಿರುವ ನೀರನ್ನು ಥಟ್ಟನೆ ತಡೆದರೆ ಒತ್ತಡ ನೆಗೆದು ಪೈಪು ಸಿಡಿಯಬಹುದು.

ಇನ್ನು ಚಕ್ರದ ಮಾತು. ಉಳಿದ 27 ಮೀಟರ್ ಎತ್ತರದ ಒತ್ತಡದಲ್ಲಿ ನಾಝಲ್‌ನಿಂದ ನೀರು ಸೆಕೆಂಡಿಗೆ ಸುಮಾರು 23 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಪ್ರತಿ ಬಟ್ಟಲಿನ ನಡುವೆ ಒಂದು ಏಣು ಇದ್ದು, ಅದು ನೀರಿನ ಧಾರೆಯನ್ನು ಎರಡಾಗಿ ಸೀಳಿ ಬಂದ ದಾರಿಗೇ ಹಿಂದಿರುಗಿಸುತ್ತದೆ. ಬಟ್ಟಲು ಧಾರೆಯ ಅರ್ಧ ವೇಗದಲ್ಲಿ ಓಡುತ್ತಿದ್ದರೆ, ಹೊರಬೀಳುವ ನೀರಿನಲ್ಲಿ ವೇಗವೇ ಉಳಿದಿರುವುದಿಲ್ಲ. ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಚಕ್ರಕ್ಕೆ ಕೊಟ್ಟು ಅದು ಸುಮ್ಮನೆ ಕೆಳಕ್ಕೆ ಸುರಿಯುತ್ತದೆ. ಹದಿನೈದು ಸೆಂಟಿಮೀಟರ್ ವ್ಯಾಸದ ಚಕ್ರಕ್ಕೆ ಆ ವೇಗವೆಂದರೆ ನಿಮಿಷಕ್ಕೆ 1,500 ಸುತ್ತಿನ ಹತ್ತಿರ, ಎಂದರೆ ಬೆಲ್ಟಿನ ಹಂಗಿಲ್ಲದೆ ನೇರವಾಗಿ ಜನರೇಟರಿನ ಶಾಫ್ಟಿಗೆ ಕೂರಿಸಬಹುದು. ಬಟ್ಟಲಿಗೆ ಎರಕದ ಲೋಹ ಒಳ್ಳೆಯದು. ಸ್ಟೀಲ್ ಸೌಟುಗಳನ್ನು ಬೆಸುಗೆ ಹಾಕಿಯೂ ಮಾಡುತ್ತಾರೆ, ನಡುವಿನ ಏಣಿಲ್ಲದ್ದರಿಂದ ಅದರ ದಕ್ಷತೆ ತಗ್ಗುತ್ತದೆ.

ಜನರೇಟರಿಗಾಗಿ ದೂರ ಹೋಗಬೇಕಿಲ್ಲ. ಪಂಪ್‌ಸೆಟ್ಟಿನಲ್ಲಿರುವಂಥ ತ್ರೀ ಫೇಸ್ ಇಂಡಕ್ಷನ್ ಮೋಟಾರಿಗೆ ಸರಿಯಾದ ಕೆಪಾಸಿಟರ್‌ಗಳನ್ನು ಜೋಡಿಸಿ ಹೊರಗಿನಿಂದ ತಿರುಗಿಸಿದರೆ, ಅದರ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವವೇ ಬೆಳೆದು ವೋಲ್ಟೇಜ್ ಹುಟ್ಟುತ್ತದೆ. ಕಾಂತತ್ವ ಅಳಿದುಹೋಗಿದ್ದರೆ, ಚಕ್ರ ನಿಂತಿರುವಾಗ ಬ್ಯಾಟರಿಯಿಂದ ಕ್ಷಣಕಾಲ ಕರೆಂಟು ಹಾಯಿಸಿ ಅದನ್ನು ಮರಳಿಸುತ್ತಾರೆ. ತೊಂದರೆ ಇರುವುದು ಮನೆಯವರು ದೀಪ ಆರಿಸಿದಾಗ: ಭಾರ ತಗ್ಗಿದೊಡನೆ ಚಕ್ರ ನಾಗಾಲೋಟ ಕಿತ್ತು, ವೋಲ್ಟೇಜ್ ಏರಿ, ಉಳಿದ ಬಲ್ಬುಗಳೂ ಸುಟ್ಟುಹೋಗುತ್ತವೆ. ಇದಕ್ಕಾಗಿ ಲೋಡ್ ಕಂಟ್ರೋಲರ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಕೂರಿಸಿ, ಮನೆಗೆ ಬೇಡವಾದ ವಿದ್ಯುತ್ತನ್ನೆಲ್ಲ ಹೀಟರಿಗೆ ತಿರುಗಿಸಬೇಕು. ಆ ಹೀಟರನ್ನು ಬಚ್ಚಲುಮನೆಯ ನೀರಿನ ಟ್ಯಾಂಕಿನಲ್ಲಿಟ್ಟರೆ ಸ್ನಾನದ ನೀರಿಗೆ ಸೌದೆ ಉಳಿಯುತ್ತದೆ; ಒದ್ದೆ ಸೌದೆಯ ಹೊಗೆ ಕುಡಿಯುವ ಹೆಂಗಸರಿಗೆ ಇದು ದೀಪಕ್ಕಿಂತ ದೊಡ್ಡ ಅನುಕೂಲ. ಮನೆಗೆ ಎಸ್ಕಾಂ ಸಂಪರ್ಕವೂ ಇದ್ದರೆ, ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಅದಿಲ್ಲದೆ ನಮ್ಮ ಕರೆಂಟು ಹೊರಗಿನ ತಂತಿಗೆ ನುಗ್ಗಿದರೆ, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೇ ಸಂಚಕಾರ.

ಬೇಸಿಗೆ ಹತ್ತಿರವಾದಂತೆ ಹರಿವು ಸೆಕೆಂಡಿಗೆ ಒಂದು ಲೀಟರಿಗೆ ಇಳಿದರೂ ಧಾರೆಯ ವೇಗ ಕುಗ್ಗಬೇಕಿಲ್ಲ, ಏಕೆಂದರೆ ವೇಗವನ್ನು ನಿರ್ಧರಿಸುವುದು ಎತ್ತರವೇ ಹೊರತು ನೀರಿನ ಪ್ರಮಾಣವಲ್ಲ. ಐದು ಲೀಟರಿಗೆ ಹೊಂದುವ ಹದಿನೇಳು ಮಿಲಿಮೀಟರ್ ನಾಝಲ್ ತೆಗೆದು ಏಳು ಮಿಲಿಮೀಟರಿನದನ್ನು ಹಾಕಿದರೆ ಚಕ್ರ ಹಳೆಯ ವೇಗದಲ್ಲಿಯೇ ತಿರುಗುತ್ತದೆ. ಆದರೆ ಆಗ ಸಿಗುವ ಸುಮಾರು 150 ವ್ಯಾಟ್‌ನ ಬಹುಪಾಲನ್ನು ಇಂಡಕ್ಷನ್ ಮೋಟಾರು ತನ್ನ ಒಳಗಿನ ನಷ್ಟಕ್ಕೇ ನುಂಗಿಬಿಡುತ್ತದೆ. ಆ ತಿಂಗಳುಗಳಿಗೆ ಕಾಯಂ ಅಯಸ್ಕಾಂತದ ಸಣ್ಣ ಜನರೇಟರೊಂದನ್ನು ಅದೇ ನೀರಿಗೆ ಜೋಡಿಸಿ ಬ್ಯಾಟರಿ ಚಾರ್ಜ್ ಮಾಡಿಕೊಂಡರೆ, ರಾತ್ರಿಯ ಎಲ್ಇಡಿ ದೀಪಗಳಿಗೂ ಫೋನುಗಳಿಗೂ ಕೊರತೆಯಾಗದು.